ನೀರ ಮೇಲಿನ ಲ್ಯೂರ್, ಉತ್ತರದ ಬಾಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಕನ್ನಡದವರು, ಬೇಸಿಗೆಗೆ ಮಕ್ಕಳ ಮನೆಗೆ ಬಂದವರು ಬಾಸ್ ಮೀನಿನ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಹಾಕಿದ್ದೇನೆ. ಊರಲ್ಲಿ ಕೆರೆ ಏರಿ ಮೇಲೆ ಕೂತು, ಎರೆಹುಳು ಇಲ್ಲವೇ ಹಿಟ್ಟಿನ ಉಂಡೆ ಸಿಕ್ಕಿಸಿ ಗಾಳ ಹಾಕಿದವರಿಗೆ ಈ ಆಟ ಸ್ವಲ್ಪ ಬೇರೆ. ಇಲ್ಲಿ ಬಳಸುವುದು ಲ್ಯೂರ್, ಅಂದರೆ ಕೃತಕ ಎರೆ, ಅದು ತೇಲುತ್ತದೆ. ಮೀನು ಮೇಲಕ್ಕೆ ಬಂದು ಹೊಡೆಯುತ್ತದೆ. ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಉದಾಹರಣೆಗಳನ್ನು ಹೆಚ್ಚಾಗಿ ಲೇಕ್ ಮಿನ್ನೆಟೊಂಕದಿಂದ ತೆಗೆದುಕೊಂಡಿದ್ದೇನೆ.

ಎಲ್ಲರೂ ಮೊದಲು ಕೇಳುವುದು "ಯಾವ ಲ್ಯೂರ್ ತಗೊಳ್ಳಲಿ?" ಅಂತ. ನನ್ನ ಪ್ರಕಾರ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಯಾವ ಹೊತ್ತು, ಯಾವ ಜಾಗ, ಎಷ್ಟು ಹೊತ್ತು ಲ್ಯೂರನ್ನು ಅಲುಗಾಡಿಸದೆ ಬಿಡುತ್ತೀರಿ, ಈ ಮೂರು ಮುಖ್ಯ. ಅದರಲ್ಲೂ ಮೂರನೆಯದು.

ಟಾಪ್‌ವಾಟರ್ ಲ್ಯೂರ್ ಅಂದ್ರೆ ಏನು?

ನೀರಿನ ಮೇಲೆ ತೇಲುವ, ಇಲ್ಲವೇ ಎಳೆದಾಗ ಮೇಲೇ ಓಡುವ ಕೃತಕ ಎರೆ. ಮರ, ಪ್ಲಾಸ್ಟಿಕ್, ರಬ್ಬರಿನಲ್ಲಿ ಮಾಡುತ್ತಾರೆ. ಗಾಯಗೊಂಡ ಪುಟ್ಟ ಮೀನು, ಕಪ್ಪೆ, ನೀರಿಗೆ ಬಿದ್ದ ಹುಳ, ಈಜುವ ಇಲಿ, ಇಂಥದ್ದನ್ನು ಅದು ನಟಿಸುತ್ತದೆ. ರೂಪಕ್ಕಿಂತ ಅದು ಮಾಡುವ ಸದ್ದು ಮತ್ತು ಅಲೆ ಮುಖ್ಯ. ಬಾಸ್ ಮೀನಿನ ಮೈಯ ಎರಡೂ ಪಕ್ಕದಲ್ಲಿ ಒಂದು ಗೆರೆ ಓಡುತ್ತದೆ. ನೀರಿನ ಸಣ್ಣ ಕಂಪನವೂ ಅದಕ್ಕೆ ಅಲ್ಲಿಂದ ಗೊತ್ತಾಗುತ್ತದೆ. ಮೊದಲು ಕಂಪನ ತಿಳಿದು ತಿರುಗುತ್ತದೆ, ಆಮೇಲೆ ಕೆಳಗಿನಿಂದ ಕಣ್ಣಿಟ್ಟು ನೋಡುತ್ತದೆ. ಬೆಳಕಿನ ಆಕಾಶಕ್ಕೆ ಎದುರಾಗಿ ಲ್ಯೂರ್ ಅದಕ್ಕೆ ಒಂದು ಕಪ್ಪು ನೆರಳಾಗಿ ಕಾಣುತ್ತದೆ.

ಇಲ್ಲಿ ಎರಡು ಥರ ಬಾಸ್ ಇದೆಯಂತೆ. ಗುರುತಿಸೋದು ಹೇಗೆ?

ದೊಡ್ಡಬಾಯಿ ಬಾಸ್ ಅಂದರೆ ಲಾರ್ಜ್‌ಮೌತ್, ಚಿಕ್ಕಬಾಯಿ ಬಾಸ್ ಅಂದರೆ ಸ್ಮಾಲ್‌ಮೌತ್. ಬಾಯಿ ಮುಚ್ಚಿಸಿ ನೋಡಿ. ದವಡೆಯ ತುದಿ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ಲಾರ್ಜ್‌ಮೌತ್. ಕಣ್ಣಿನ ಕೆಳಗೇ ನಿಂತರೆ ಸ್ಮಾಲ್‌ಮೌತ್. ಲಾರ್ಜ್‌ಮೌತ್ ಹಸಿರು, ಪಕ್ಕದಲ್ಲಿ ಉದ್ದಕ್ಕೆ ಒಂದು ಕಪ್ಪು ಪಟ್ಟೆ. ಸ್ಮಾಲ್‌ಮೌತ್ ಕಂದು, ಮೇಲಿಂದ ಕೆಳಕ್ಕೆ ಪಟ್ಟೆಗಳು, ಹಲವು ಸಲ ಕಣ್ಣು ಕೆಂಪು. ಮೊದಲನೆಯದಕ್ಕೆ ಗಿಡ, ನೆರಳು ಇಷ್ಟ. ಎರಡನೆಯದಕ್ಕೆ ಕಲ್ಲು, ತಿಳಿನೀರು ಇಷ್ಟ. ಎರಡೂ ಸನ್‌ಫಿಶ್ ಕುಟುಂಬಕ್ಕೆ ಸೇರಿದವು.

ಮಿನ್ನೆಟೊಂಕವನ್ನೇ ಯಾಕೆ ಆರಿಸಿದ್ದು?

ಹತ್ತಿರ ಇದೆ, ಅದಕ್ಕೇ. ಮಿನ್ನಿಯಾಪೊಲಿಸ್‌ನ ಪಶ್ಚಿಮಕ್ಕೆ ಕೆಲಸ ಮುಗಿಸಿ ಸಂಜೆ ಹೋಗಿಬರುವಷ್ಟು ದೂರ. ಸುಮಾರು 14,500 ಎಕರೆ ಹರಡಿದೆ. ಆದರೆ ಒಂದೇ ಬಯಲಾಗಿ ಅಲ್ಲ, ಕೊಲ್ಲಿ ಕೊಲ್ಲಿಯಾಗಿ. ಗಾಳಿ ಯಾವ ಕಡೆಯಿಂದ ಬೀಸಿದರೂ ಎಲ್ಲೋ ಒಂದು ಮೂಲೆಯಲ್ಲಿ ನೀರು ಶಾಂತವಾಗಿರುತ್ತದೆ. ನೀರ ಮೇಲಿನ ಗಾಳಕ್ಕೆ ಇದು ದೊಡ್ಡ ಅನುಕೂಲ. ದಂಡೆ ತುಂಬ ಮನೆಗಳು, ಪ್ರತಿ ಮನೆಗೂ ಒಂದು ಡಾಕ್, ಅಂದರೆ ನೀರಿಗೆ ಚಾಚಿದ ದೋಣಿಕಟ್ಟೆ. ಆ ಡಾಕ್‌ಗಳ ಕೆಳಗಿನ ನೆರಳು ಲಾರ್ಜ್‌ಮೌತ್‌ಗೆ ಮನೆ.

ಇನ್ನೊಂದು ಕಾರಣ ನೀರಿನ ಗಿಡ. ಯುರೇಷಿಯನ್ ಮಿಲ್‌ಫಾಯಿಲ್ ಎಂಬ ಹೊರಗಿನ ಕಳೆ ಮಿನ್ನೆಸೋಟದಲ್ಲಿ ಮೊದಲು ಸಿಕ್ಕಿದ್ದು ಈ ಕೆರೆಯಲ್ಲೇ, 1987ರಲ್ಲಿ. ಕೆರೆಗೆ ಅದು ಬೇಡದ ಅತಿಥಿ. ಆದರೆ ಅದರ ಅಂಚು, ಅದರ ನಡುವಿನ ಕಿಂಡಿಗಳು ಬಾಸ್ ಹೊಂಚು ಹಾಕುವ ಜಾಗ.

ವರ್ಷದಲ್ಲಿ ಯಾವಾಗ ಶುರು ಮಾಡಬಹುದು?

ಕ್ಯಾಲೆಂಡರ್ ಬಿಡಿ, ನೀರಿನ ಬಿಸಿ ನೋಡಿ. ಏಪ್ರಿಲ್ ಮಧ್ಯದ ಆಸುಪಾಸಿನಲ್ಲಿ ಇಲ್ಲಿ ಹಿಮಗಡ್ಡೆ ಕರಗುತ್ತದೆ. ಆಗ ಬಾಸ್ ಮೈ ಮರಗಟ್ಟಿದಂತೆ ಇರುತ್ತದೆ. ಅದರ ಮೈಬಿಸಿ ನೀರಿನ ಬಿಸಿಯಷ್ಟೇ ಅಲ್ವಾ, ಓಡಾಡಲು ಶಕ್ತಿ ಇರುವುದಿಲ್ಲ. ನೀರು 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 15-16 ಸೆಲ್ಸಿಯಸ್ ದಾಟಿದ ಮೇಲೆ ಮೇಲಕ್ಕೆ ಬಂದು ಹೊಡೆಯುವ ಹುರುಪು ಬರುತ್ತದೆ. ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್ ಮಧ್ಯದವರೆಗೆ ಒಳ್ಳೆಯ ಕಾಲ. ದಕ್ಷಿಣದ ರಾಜ್ಯಗಳವರಿಗೆ ಸಿಗುವಷ್ಟು ತಿಂಗಳು ನಮಗೆ ಸಿಗುವುದಿಲ್ಲ. ಅದಕ್ಕೇ ಇಲ್ಲಿನ ಜನ ಬೇಸಿಗೆಯ ಒಂದು ಸಂಜೆಯನ್ನೂ ಬಿಡುವುದಿಲ್ಲ.

ದಿನದ ಯಾವ ಹೊತ್ತು? ಬಿಸಿಲಲ್ಲಿ ಆಗೋದೇ ಇಲ್ವಾ?

ಬೆಳಗಿನ ಮೊದಲ ಬೆಳಕು, ಸಂಜೆಯ ಕೊನೆಯ ಬೆಳಕು. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು 5:30ಕ್ಕೆ, ಮುಳುಗುವುದು ರಾತ್ರಿ 9ರ ಹೊತ್ತಿಗೆ. ಊಟ ಮುಗಿಸಿ ಹೊರಟರೂ ಒಂದು ಗಂಟೆ ಒಳ್ಳೆಯ ಸಮಯ ಸಿಗುತ್ತದೆ. ಬೆಳಿಗ್ಗೆ ಹೋಗುವವರು ಕತ್ತಲಿರುವಾಗಲೇ ನೀರಿನ ಹತ್ತಿರ ಇರಬೇಕು. ಎಂಟು ಗಂಟೆಗೆ ಡಾಕ್‌ಗಳ ಮೇಲೆ ಜನ, ನೀರಲ್ಲಿ ಜೆಟ್‌ಸ್ಕೀ, ದೊಡ್ಡ ದೋಣಿಗಳ ಅಲೆ ಎಲ್ಲ ಶುರುವಾಗುತ್ತದೆ.

ಮೋಡ ಮುಸುಕಿದ ದಿನ, ತುಂತುರು ಮಳೆ ಇದ್ದರೆ ಮಧ್ಯಾಹ್ನವೂ ನಡೆಯುತ್ತದೆ. ಗುಡುಗು ಮಿಂಚು ಬೇಡ. ದೂರದಲ್ಲಿ ಗುಡುಗು ಕೇಳಿದರೂ ದಡಕ್ಕೆ ಬನ್ನಿ. ಕೈಯಲ್ಲಿರುವುದು ಏಳು ಅಡಿ ಉದ್ದದ ಗ್ರಾಫೈಟ್ ಕೋಲು, ಅದರಲ್ಲಿ ವಿದ್ಯುತ್ ಹರಿಯುತ್ತದೆ.

ಬಿಸಿಲಲ್ಲಿ ನೆರಳು ಹುಡುಕಿ, ಅಷ್ಟೇ. ಡಾಕ್ ಕೆಳಗೆ, ದಡದಿಂದ ಬಾಗಿದ ಮರದ ಕೆಳಗೆ, ನೈದಿಲೆ ಎಲೆಗಳ ಕೆಳಗೆ. ಸ್ಮಾಲ್‌ಮೌತ್ ಮಾತ್ರ ಬೇರೆ. ತಿಳಿನೀರಿನಲ್ಲಿ ನಡು ಬಿಸಿಲಲ್ಲೂ ಹತ್ತು ಅಡಿ ಆಳದಿಂದ ಮೇಲೆ ನುಗ್ಗಿ ಬರುತ್ತದೆ.

ಎಲ್ಲಿಗೆ ಎಸೆಯಬೇಕು?

ಒಂದು ಬದಲಾಗಿ ಇನ್ನೊಂದಾಗುವ ಕಡೆ. ಗಿಡ ಮುಗಿದು ಬಯಲು ನೀರು ಶುರುವಾಗುವ ಗೆರೆ. ಜೊಂಡಿನ ನಡುವಿನ ಕಿಂಡಿ. ಮರಳು ಮುಗಿದು ಕಲ್ಲು ಶುರುವಾಗುವ ಜಾಗ. ಡಾಕ್‌ನ ನೆರಳಿನ ಅಂಚು. ಬಾಸ್ ಇಡೀ ಕೆರೆ ಸುತ್ತಿ ಬೇಟೆಯಾಡುವುದು ಕಡಿಮೆ. ಮರೆಯಲ್ಲಿ ನಿಂತು, ಹತ್ತಿರ ಬಂದದ್ದನ್ನು ಹಿಡಿಯುತ್ತದೆ.

ಮೀನು ಇರುವ ಜಾಗದ ಮೇಲೇ ಲ್ಯೂರ್ ಬೀಳಿಸಬೇಡಿ. ಅದನ್ನು ದಾಟಿಸಿ ಎಸೆದು ಅತ್ತಲಿಂದ ಎಳೆದುಕೊಂಡು ಬನ್ನಿ. ಇನ್ನೊಂದು ಮಾತು. ಡಾಕ್ ಖಾಸಗಿ ಆಸ್ತಿ. ಪಕ್ಕದ ನೀರಿಗೆ ಎಸೆಯಬಹುದು. ಆದರೆ ಅಲ್ಲಿ ಜನ ಕೂತಿದ್ದರೆ, ಮಕ್ಕಳು ಈಜುತ್ತಿದ್ದರೆ ಕೈ ಬೀಸಿ ನಮಸ್ಕಾರ ಹೇಳಿ ಮುಂದಿನ ಡಾಕ್‌ಗೆ ಹೋಗಿ.

ಸರಿ, ಈಗ ಹೇಳಿ, ಮೊದಲ ಸಲ ಯಾವ ಲ್ಯೂರ್ ಕೊಳ್ಳಲಿ?

ಒಂದು ಪಾಪರ್. ರೆಬೆಲ್ ಕಂಪನಿಯ ಪಾಪ್-ಆರ್ ಸಾಕು. ಎರಡೂವರೆ ಇಂಚು ಉದ್ದ, ಮುಂದೆ ಬಟ್ಟಲಿನ ಹಾಗೆ ಕುಳಿಬಿದ್ದ ಬಾಯಿ, ಹಿಂದಿನ ಗಾಳಕ್ಕೆ ಪುಕ್ಕ. ರಾಡ್, ಅಂದರೆ ಗಾಳದ ಕೋಲಿನ ತುದಿ ಜಗ್ಗಿದರೆ ಬಾಯಿ ನೀರನ್ನು ಉಗುಳಿ "ಬ್ಲುಪ್" ಅನ್ನುತ್ತದೆ. ಕಲಿಯಲು ಸುಲಭ, ಎರಡೂ ಜಾತಿಯ ಬಾಸ್ ಹೊಡೆಯುತ್ತವೆ.

ಅದಾದ ಮೇಲೆ ಗಿಡ ತುಂಬಿದ ಜಾಗಕ್ಕೆ ಒಂದು ರಬ್ಬರ್ ಕಪ್ಪೆ. ಬಯಲು ನೀರಿಗೆ ಹೆಡನ್ ಕಂಪನಿಯ ಜಾರಾ ಸ್ಪೂಕ್. ಬೇಗ ಬೇಗ ಮೀನು ಎಲ್ಲಿದೆ ಎಂದು ಹುಡುಕಬೇಕಾದಾಗ ವಾಪರ್ ಪ್ಲಾಪರ್, ಅದರ ಬಾಲ ತಿರುಗಿ ನೀರನ್ನು ಬಡಿಯುತ್ತದೆ, ಸುಮ್ನೆ ಸುತ್ತಿಕೊಂಡು ಬಂದರೆ ಸಾಕು. ರಾತ್ರಿಗೆ ಜಿಟರ್‌ಬಗ್, 1930ರ ದಶಕದಿಂದ ಇಂದಿನವರೆಗೂ ಮಾರಾಟವಾಗುತ್ತಿರುವ ಹಳೆಯ ಲ್ಯೂರ್. ಇವಿಷ್ಟಿದ್ದರೆ ವರ್ಷಗಟ್ಟಲೆ ಸಾಕು. ಪೆಟ್ಟಿಗೆ ತುಂಬ ಲ್ಯೂರ್ ಇಟ್ಟುಕೊಂಡವರು ಮೀನು ಸಿಗದಿದ್ದಾಗ ಲ್ಯೂರ್ ಬದಲಿಸುತ್ತಾ ಕೂರುತ್ತಾರೆ. ಅಷ್ಟು ಹೊತ್ತೂ ಅವರ ಗಾಳ ನೀರಲ್ಲಿ ಇರುವುದಿಲ್ಲ.

ಬಣ್ಣ ಯಾವುದು?

ಕತ್ತಲು, ಮೋಡ ಇದ್ದರೆ ಕಪ್ಪು. ಬಿಸಿಲು, ತಿಳಿನೀರು ಇದ್ದರೆ ಬಿಳಿ ಅಥವಾ ಪಾರದರ್ಶಕ. ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಎಸೆದ ಮೇಲೆ ಏನು ಮಾಡಬೇಕು?

ಏನೂ ಮಾಡಬೇಡಿ. ಇಡೀ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಲ್ಯೂರ್ "ಚಪ್" ಎಂದು ಬೀಳುತ್ತದೆ. ಸುತ್ತ ಉಂಗುರದಂತೆ ಅಲೆ ಏಳುತ್ತದೆ. ಆ ಉಂಗುರಗಳು ಹರಡಿ, ಮಾಸಿ, ನೀರು ಮತ್ತೆ ಗಾಜಾಗುವವರೆಗೆ ಸುಮ್ಮನಿರಿ. ಹತ್ತು ಸೆಕೆಂಡ್ ಆಗಬಹುದು, ಹದಿನೈದೂ ಆಗಬಹುದು. ಈ ಹೊತ್ತಿನಲ್ಲಿ ಕೆಳಗೆ ಏನು ನಡೆಯುತ್ತಿರುತ್ತದೆ ಗೊತ್ತಾ? ಬಿದ್ದ ಸದ್ದಿಗೆ ಬಾಸ್ ಮೊದಲು ಬೆಚ್ಚಿ ಸ್ವಲ್ಪ ದೂರ ಸರಿಯುತ್ತದೆ. ಆಮೇಲೆ ತಿರುಗಿ, ನಿಧಾನವಾಗಿ ಹತ್ತಿರ ಬಂದು, ಲ್ಯೂರಿನ ಕೆಳಗೆ ನಿಂತು ನೋಡುತ್ತದೆ. ತಿನ್ನುವಂಥದ್ದು ಹೌದೋ ಅಲ್ಲವೋ ಎಂಬ ಅನುಮಾನ ಅದಕ್ಕೆ. ಈಗ ರಾಡ್ ತುದಿಯನ್ನು ಒಂದೇ ಒಂದು ಸಲ, ಒಂದಿಂಚು ಅಲುಗಿಸಿ. ಪುಕ್ಕ ಬಿಚ್ಚಿಕೊಂಡು ಮತ್ತೆ ಮುದುಡುತ್ತದೆ. ಹಲವು ಸಲ ಅಷ್ಟಕ್ಕೇ ಹೊಡೆಯುತ್ತದೆ.

ಹೊಡೆಯದಿದ್ದರೆ ಎರಡು ಪುಟ್ಟ ಜಗ್ಗು. "ಬ್ಲುಪ್, ಬ್ಲುಪ್". ಮತ್ತೆ ನಿಲ್ಲಿಸಿ. ಹೊಡೆತ ಬರುವುದು ಹೆಚ್ಚಾಗಿ ಲ್ಯೂರ್ ಅಲುಗುವಾಗ ಅಲ್ಲ, ನಿಂತಾಗ. ಪೆಟ್ಟು ತಿಂದ ಮೀನು ಒದ್ದಾಡುತ್ತದೆ, ಸುಸ್ತಾಗಿ ನಿಲ್ಲುತ್ತದೆ, ಮತ್ತೆ ಒದ್ದಾಡುತ್ತದೆ. ನಿಂತ ಗಳಿಗೆಯಲ್ಲಿ ಅದನ್ನು ಹಿಡಿಯುವುದು ಸುಲಭ, ಬಾಸ್‌ಗೆ ಇದು ಗೊತ್ತು. ಹೊಸಬರ ಕೈ ಮಾತ್ರ ನಿಲ್ಲುವುದಿಲ್ಲ. ದಾರ ಸುತ್ತುವ ರೀಲ್ ತಿರುಗಿಸಬೇಕು ಎಂದು ತುರಿಸುತ್ತಿರುತ್ತದೆ. ಸುಲಭ ಉಪಾಯ ಒಂದಿದೆ. ಜಗ್ಗಿದ ಮೇಲೆ ಎಡಗೈಯನ್ನು ರೀಲ್‌ನಿಂದ ತೆಗೆದುಬಿಡಿ.

ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದನ್ನು ಆ ದಿನದ ಮೀನೇ ಹೇಳುತ್ತದೆ. ಜೂನ್ ಮೊದಲಲ್ಲಿ, ನೀರು ಇನ್ನೂ ತಣ್ಣಗಿರುವಾಗ ಉದ್ದ ನಿಲ್ಲಿಸಿ. ಆಗಸ್ಟ್‌ನಲ್ಲಿ ಬಿಸಿನೀರಲ್ಲಿ ಎರಡು ಸೆಕೆಂಡ್ ಸಾಕಾಗಬಹುದು. ಒಂದು ಹೊಡೆತ ಬಂದಾಗ ಎಷ್ಟು ಹೊತ್ತು ನಿಂತಿತ್ತು ಎಂದು ನೆನಪಿಟ್ಟುಕೊಂಡು ಅದನ್ನೇ ಮಾಡಿ.

ಜಾರಾ ಸ್ಪೂಕ್ ಎಡಕ್ಕೂ ಬಲಕ್ಕೂ ಓಲಾಡಬೇಕಂತೆ. ನನ್ನದು ನೇರ ಬರುತ್ತೆ!

ಲೈನ್, ಅಂದರೆ ಗಾಳದ ದಾರವನ್ನು ಬಿಗಿಯಾಗಿ ಹಿಡಿದಿದ್ದೀರಿ, ಅದಕ್ಕೆ. ರಾಡ್ ತುದಿಯನ್ನು ನೀರಿನ ಕಡೆ ಇಳಿಸಿ. ಮಣಿಕಟ್ಟಿನಿಂದ ಸಣ್ಣದಾಗಿ ಜಗ್ಗಿ, ತಕ್ಷಣ ತುದಿಯನ್ನು ಲ್ಯೂರಿನ ಕಡೆಗೇ ವಾಪಸ್ ಕೊಡಿ. ಲೈನ್ ಸಡಿಲಾದಾಗ ಲ್ಯೂರ್ ಒಂದು ಪಕ್ಕಕ್ಕೆ ಜಾರುತ್ತದೆ. ಮುಂದಿನ ಜಗ್ಗಿಗೆ ಇನ್ನೊಂದು ಪಕ್ಕಕ್ಕೆ. ರೀಲ್ ಕೆಲಸ ಸಡಿಲ ಲೈನನ್ನು ಸುತ್ತಿಕೊಳ್ಳುವುದು ಮಾತ್ರ. ಲ್ಯೂರಿನ ಕೊಂಡಿಗೆ ಲೈನನ್ನು ಬಿಗಿಯಾಗಿ ಕಟ್ಟದೆ ಪುಟ್ಟ ಕುಣಿಕೆ ಗಂಟು ಹಾಕಿದರೆ ಓಲಾಟ ಇನ್ನೂ ಚೆನ್ನಾಗಿರುತ್ತದೆ. ನೀರು ನಿಂತಿರುವ ಸಂಜೆ ಅರ್ಧ ಗಂಟೆ ಅಭ್ಯಾಸ ಮಾಡಿ, ಕೈಗೆ ಕೂತುಬಿಡುತ್ತದೆ.

ಮೀನು ದೊಡ್ಡದಾಗಿ ಹೊಡೀತು, ಎಳೆದೆ, ಲ್ಯೂರ್ ಹಾರಿ ಮುಖಕ್ಕೇ ಬಂತು. ಏನು ತಪ್ಪಾಯ್ತು?

ಕಣ್ಣಿಗೆ ಕಂಡದ್ದಕ್ಕೆ ಎಳೆದಿರಿ. ಕೈಗೆ ತಿಳಿದದ್ದಕ್ಕೆ ಎಳೆಯಬೇಕು. ಬಾಸ್ ಹೊಡೆದಾಗ ನೀರು ಸಿಡಿಯುತ್ತದೆ, ಸದ್ದು ಬರುತ್ತದೆ, ಎದೆ ಝಲ್ ಎನ್ನುತ್ತದೆ. ಆ ಗಳಿಗೆಯಲ್ಲಿ ಲ್ಯೂರ್ ಇನ್ನೂ ಅದರ ಬಾಯಲ್ಲಿ ಪೂರ್ತಿ ಇರಲಿಕ್ಕಿಲ್ಲ. ಕೆಲವೊಮ್ಮೆ ಅದು ಬಾಯಿ ತೆರೆಯದೆ ಬಾಲದಿಂದ ಬಡಿದಿರುತ್ತದೆ. ಲ್ಯೂರ್ ಕಾಣೆಯಾಗಿ, ಲೈನ್ ಬಿಗಿಯಾಗಿ, ಕೈಗೆ ಭಾರ ತಿಳಿದ ಮೇಲೆ ರಾಡನ್ನು ಪಕ್ಕಕ್ಕೆ ಎಳೆಯಿರಿ. ಜೋರಾಗಿ ಬೇಡ. ಮೂರು ಮೊನೆಯ ಟ್ರೆಬಲ್ ಗಾಳ ಚೂಪಾಗಿದ್ದರೆ ತಾನೇ ನಾಟುತ್ತದೆ.

ಭಾರ ತಿಳಿಯಲಿಲ್ಲ ಅಂದರೆ ಲ್ಯೂರ್ ಅಲ್ಲೇ ಇರಲಿ. ಎರಡು ಸೆಕೆಂಡ್ ಬಿಟ್ಟು ಒಂದು ಸಣ್ಣ ಜಗ್ಗು ಕೊಡಿ. ತಪ್ಪಿಸಿಕೊಂಡಿತು ಎಂದುಕೊಂಡ ಬಾಸ್ ಅದೇ ಜಾಗಕ್ಕೆ ಮರಳಿ ಬರುವುದು ಸಾಮಾನ್ಯ. ಲ್ಯೂರನ್ನು ಎಳೆದು ಆಕಾಶಕ್ಕೆ ಹಾರಿಸಿದರೆ ಆ ಎರಡನೇ ಅವಕಾಶ ಹೋಯಿತು. ಮುಖಕ್ಕೆ ಬಂತು ಅಂದಿರಲ್ಲ, ಅದಕ್ಕೆ ಹಗಲಾಗಲಿ ಸಂಜೆಯಾಗಲಿ ಕನ್ನಡಕ ಹಾಕದೆ ಗಾಳ ಬೀಸಬೇಡಿ. ಕತ್ತಲಲ್ಲಿ ಬಿಳಿ ಗಾಜಿನದ್ದು.

ಕಪ್ಪೆ ಲ್ಯೂರಿಗೂ ಇದೇ ನಿಯಮವಾ?

ಕಾಯುವುದು ಇನ್ನೂ ಸ್ವಲ್ಪ ಜಾಸ್ತಿ, ಎಳೆಯುವುದು ಇನ್ನೂ ಜೋರು. ರಬ್ಬರ್ ಕಪ್ಪೆಯ ಎರಡು ಗಾಳಗಳ ಮೊನೆ ಅದರ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅದಕ್ಕೇ ನೈದಿಲೆ ಎಲೆಗಳ ಮೇಲೆ ಎಲ್ಲೂ ಸಿಕ್ಕಿಕೊಳ್ಳದೆ ಕುಪ್ಪಳಿಸುತ್ತಾ ಬರುತ್ತದೆ. ಮೀನು ಕಚ್ಚಿ ಹಿಸುಕಿದಾಗ ಮಾತ್ರ ಮೊನೆ ಹೊರಬರುತ್ತದೆ. ಹೊಡೆದ ಮೇಲೆ ಲೈನ್ ಸಡಿಲ ಕೊಟ್ಟು, ಮನಸ್ಸಲ್ಲೇ ಒಂದು-ಎರಡು ಎಣಿಸಿ, ಆಮೇಲೆ ಮೈಯ ಬಲವೆಲ್ಲ ಹಾಕಿ ಎಳೆಯಿರಿ. ಎಳೆದ ಮೇಲೆ ನಿಲ್ಲಿಸಬೇಡಿ. ಮೀನು ಗಿಡದ ಬುಡಕ್ಕೆ ನುಗ್ಗಿತೋ, ಸುತ್ತಿಕೊಂಡಿತು ಎಂದೇ ಅರ್ಥ.

ರಾಡ್, ಲೈನ್ ಯಾವುದು?

ಪಾಪರ್, ಸ್ಪೂಕ್‌ಗೆ ಆರೂವರೆಯಿಂದ ಏಳು ಅಡಿಯ ಮಧ್ಯಮ ಬಿಗಿಯ ರಾಡ್. ಕಪ್ಪೆಗೆ ಏಳು ಅಡಿ ಮೇಲ್ಪಟ್ಟ ಗಟ್ಟಿ ರಾಡ್, 50ರಿಂದ 65 ಪೌಂಡ್ ಭಾರ ತಡೆಯುವ ಬ್ರೇಡ್, ಅಂದರೆ ಹೆಣೆದ ಲೈನ್. ಫ್ಲೋರೋಕಾರ್ಬನ್ ಲೈನ್ ಬೇಡ. ಅದು ನೀರಲ್ಲಿ ಮುಳುಗುತ್ತದೆ, ಲ್ಯೂರಿನ ಮೂತಿಯನ್ನೂ ಕೆಳಕ್ಕೆ ಎಳೆಯುತ್ತದೆ. ಪಾಪರ್‌ಗೆ 12 ಪೌಂಡಿನ ಮಾಮೂಲಿ ನೈಲಾನ್ ಮಾನೋ, ಅಂದರೆ ಒಂದೇ ಎಳೆಯ ಲೈನ್ ಚೆನ್ನ, ಅದು ಅಷ್ಟು ಬೇಗ ಮುಳುಗುವುದಿಲ್ಲ, ಸ್ವಲ್ಪ ಹಿಗ್ಗುತ್ತದೆ. ಬ್ರೇಡ್ ಬಳಸುವುದಿದ್ದರೆ ತುದಿಗೆ ಎರಡು ಅಡಿ ಮಾನೋ ಕಟ್ಟಿ. ಇಲ್ಲದಿದ್ದರೆ ಮೆತ್ತನೆಯ ಬ್ರೇಡ್ ಮುಂದಿನ ಗಾಳಕ್ಕೆ ಸುತ್ತಿಕೊಳ್ಳುತ್ತಲೇ ಇರುತ್ತದೆ.

ನನ್ನ ಹತ್ತಿರ ದೋಣಿ ಇಲ್ಲ.

ಬೇಕಾಗಿಲ್ಲ. ಮಿನ್ನಿಯಾಪೊಲಿಸ್ ನಗರದೊಳಗೇ ಬ್ಡೆ ಮಕಾ ಸ್ಕಾ, ಹ್ಯಾರಿಯೆಟ್, ನೊಕೊಮಿಸ್ ಕೆರೆಗಳಲ್ಲಿ ಗಾಳ ಹಾಕಲು ಸಾರ್ವಜನಿಕ ಕಟ್ಟೆಗಳಿವೆ, ಬಾಸ್ ಕೂಡ ಇದೆ. ದಡದಿಂದ ಎಸೆಯುವಾಗ ನೇರ ಮುಂದಕ್ಕೆ ಎಸೆಯುವ ಬದಲು ದಡಕ್ಕೆ ಸಮಾನಾಂತರವಾಗಿ, ಇಲ್ಲವೇ ಓರೆಯಾಗಿ ಎಸೆಯಿರಿ. ಸಂಜೆ ಹೊತ್ತು ಬಾಸ್ ಎರಡು ಅಡಿ ನೀರಿನಲ್ಲಿ, ನಿಮ್ಮ ಕಾಲ ಬುಡದಲ್ಲೇ ಇರಬಹುದು. ಹಿಂದೆ ನಡೆದುಹೋಗುವವರನ್ನು ನೋಡಿಕೊಂಡು ಬೀಸಿ.

ಒಬ್ಬರೇ ಹೋಗಲು ಕಯಾಕ್ ಅಥವಾ ಕನೂ ಎಂಬ ಹುಟ್ಟು ಹಾಕುವ ಸಣ್ಣ ದೋಣಿ ಒಳ್ಳೆಯದು, ಸದ್ದಿಲ್ಲ. ಲೈಫ್ ಜಾಕೆಟ್ ಪ್ರತಿಯೊಬ್ಬರಿಗೂ ಒಂದು ಇರಲೇಬೇಕು. ದೋಣಿ ಸಾಗುತ್ತಿರುವಾಗ ಹತ್ತು ವರ್ಷದೊಳಗಿನ ಮಕ್ಕಳು ಅದನ್ನು ಹಾಕಿಕೊಂಡೇ ಇರಬೇಕು, ಇದು ಇಲ್ಲಿನ ಕಾನೂನು. ದೊಡ್ಡವರೂ ಹಾಕಿಕೊಳ್ಳಿ, ದಯವಿಟ್ಟು. ನಮ್ಮಲ್ಲಿ ಈಜು ಬಾರದವರು ಬಹಳ.

ರಾತ್ರಿ ಹೋಗಬಹುದಾ?

ಹೋಗಬಹುದು. ಜುಲೈ, ಆಗಸ್ಟ್‌ನ ಬಿಸಿ ದಿನಗಳಲ್ಲಿ ರಾತ್ರಿಯೇ ಒಳ್ಳೆಯದು. ಕಪ್ಪು ಜಿಟರ್‌ಬಗ್ ಹಾಕಿ ಒಂದೇ ವೇಗದಲ್ಲಿ ಸುತ್ತಿಕೊಂಡು ಬನ್ನಿ. ನಿಲ್ಲಿಸಬೇಕು ಎಂದು ನಾನು ಹೇಳಿದ ಮಾತಿಗೆ ವಾಪರ್ ಪ್ಲಾಪರ್‌ನಂತೆ ಇದೂ ಹೊರತು. ಕತ್ತಲಲ್ಲಿ ಮೀನು ಸದ್ದಿನ ಜಾಡು ಹಿಡಿದು ಬರುತ್ತದೆ, ಸದ್ದು ತುಂಡಾದರೆ ಗುರಿ ತಪ್ಪುತ್ತದೆ. ತಲೆಗೆ ಕಟ್ಟುವ ದೀಪ, ದೋಣಿಗೆ ದೀಪ, ಸೊಳ್ಳೆಗೆ ಮುಲಾಮು ಮರೆಯಬೇಡಿ.

ಲೈನ್ ಕತ್ತರಿಸಿದ ಹಾಗೆ ಹೋಯ್ತು. ಗಂಟು ಬಿಚ್ಚಿತಾ?

ತುದಿ ನೋಡಿ. ಸುರುಳಿ ಸುತ್ತಿದ್ದರೆ ಗಂಟು ಬಿಚ್ಚಿದೆ. ನೀಟಾಗಿ ಕತ್ತರಿಸಿದ್ದರೆ ನಾರ್ದರ್ನ್ ಪೈಕ್ ಅಥವಾ ಮಸ್ಕಿ ಎಂಬ ಮೀನು, ಎರಡಕ್ಕೂ ಬ್ಲೇಡಿನಂಥ ಹಲ್ಲು. ತರಿತರಿಯಾಗಿದ್ದರೆ ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿ ಇರಬಹುದು. ಮಿನ್ನೆಟೊಂಕದಲ್ಲಿ ಇದು 2010ರಲ್ಲಿ ಸಿಕ್ಕಿತು, ಈಗ ಕಲ್ಲು, ಕಂಬಗಳಿಗೆಲ್ಲ ಅಂಟಿಕೊಂಡಿದೆ. ಆಗಾಗ ಲೈನಿನ ಕೊನೆಯ ಮೂರು ಅಡಿಯನ್ನು ಬೆರಳಲ್ಲಿ ಸವರಿ, ಒರಟು ಅನಿಸಿದರೆ ಕತ್ತರಿಸಿ ಮತ್ತೆ ಕಟ್ಟಿ.

ಲೈಸೆನ್ಸ್ ಬೇಕಾ? ಊರಿಂದ ಬಂದ ಅಪ್ಪ ಸುಮ್ನೆ ಒಂದು ಸಲ ರಾಡ್ ಹಿಡಿದರೆ?

16 ವರ್ಷ ತುಂಬಿದ ಎಲ್ಲರಿಗೂ ಬೇಕು, ಒಂದು ಸಲ ಎಸೆದರೂ ಬೇಕು. ಮೀನು ಬಿಟ್ಟುಬಿಡುತ್ತೇನೆ ಅಂದರೂ ಬೇಕು. ನೀವು ಮಿನ್ನೆಸೋಟದಲ್ಲಿ ಸತತ 60 ದಿನ ವಾಸವಾಗಿದ್ದರೆ ಇಲ್ಲಿನವರ ದರದ ಲೈಸೆನ್ಸ್ ಸಿಗುತ್ತದೆ. ಪ್ರವಾಸಕ್ಕೆ ಬಂದ ಅಪ್ಪ, ಅಮ್ಮ, ಮಾವನವರಿಗೆ ಹೊರಗಿನವರ ಅಲ್ಪಾವಧಿಯ ಲೈಸೆನ್ಸ್ ಇದೆ, ಒಂದು ದಿನದ್ದೂ ಸಿಗುತ್ತದೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ತಾಣದಲ್ಲಿ ಕೆಲವೇ ನಿಮಿಷದ ಕೆಲಸ. ಬೇಸಿಗೆಯ ನೀರಿನಲ್ಲಿ ಒಬ್ಬರಿಗೆ ಒಂದೇ ಗಾಳ. ಊರಲ್ಲಿ ಮಾಡುವಂತೆ ಸಾಲಾಗಿ ನಾಲ್ಕು ಕೋಲು ನೆಡುವಂತಿಲ್ಲ.

ಬಾಸನ್ನು ಮನೆಗೆ ಒಯ್ಯುವ ಕಾಲ ಬಹುತೇಕ ಕೆರೆಗಳಲ್ಲಿ ಮೇ ಕೊನೆಯ ಮೆಮೋರಿಯಲ್ ಡೇ ವಾರಾಂತ್ಯದಿಂದ ಶುರು. ನಿಯಮ ವರ್ಷ ವರ್ಷ ಬದಲಾಗುತ್ತದೆ, ಕೆಲವು ಕೆರೆಗೆ ಬೇರೆ ನಿಯಮವೇ ಇದೆ. ಆ ವರ್ಷದ ಪುಸ್ತಿಕೆಯನ್ನು ಹೋಗುವ ಮೊದಲು ನೋಡಿ.

ಮೊಟ್ಟೆ ಇಡುವ ಕಾಲದಲ್ಲಿ ಹಿಡಿಯೋದು ತಪ್ಪಾ?

ನಾನು ಹಿಡಿಯುವುದಿಲ್ಲ. ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಗಂಡು ಬಾಸ್ ಆಳವಿಲ್ಲದ ನೀರಿನಲ್ಲಿ ಬಾಲದಿಂದ ತಳವನ್ನು ಗುಡಿಸಿ, ದುಂಡನೆಯ ಗೂಡು ಮಾಡಿ ಮೊಟ್ಟೆ ಕಾಯುತ್ತದೆ. ಮರಿಗಳಾದ ಮೇಲೂ ಸ್ವಲ್ಪ ದಿನ ಜೊತೆಗಿರುತ್ತದೆ. ಅದನ್ನು ಮೇಲೆತ್ತಿ ಫೋಟೋ ತೆಗೆಯುವಷ್ಟು ಹೊತ್ತಿನಲ್ಲಿ ಪಕ್ಕದಲ್ಲೇ ಕಾದಿದ್ದ ಸನ್‌ಫಿಶ್‌ಗಳು ಗೂಡಿಗೆ ನುಗ್ಗಿ ಮೊಟ್ಟೆ ತಿನ್ನುತ್ತವೆ. ದಡದ ಹತ್ತಿರ ದುಂಡಗೆ ಗುಡಿಸಿದ ಬಿಳಿ ಜಾಗ ಕಂಡರೆ ಅಲ್ಲಿಗೆ ಎಸೆಯಬೇಡಿ.

ತಿನ್ನಬಹುದಾ?

ತಿನ್ನಬಹುದು. ಆದರೆ ದೊಡ್ಡದನ್ನು ಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಇಲ್ಲಿ ಬಾಸ್ ಬೆಳೆಯುವುದು ವರ್ಷಕ್ಕೆ ನಾಲ್ಕೈದು ತಿಂಗಳು ಮಾತ್ರ. ಉಳಿದಂತೆ ತಣ್ಣನೆಯ ನೀರು, ಮೇಲೆ ಹಿಮಗಡ್ಡೆ. 20 ಇಂಚಿನ ಸ್ಮಾಲ್‌ಮೌತ್ ಹತ್ತು ವರ್ಷ ದಾಟಿರುವುದು ಸಾಮಾನ್ಯ. ನಿಮ್ಮ ಮಗು ಹುಟ್ಟುವ ಮೊದಲೇ ಅದು ಈ ಕೆರೆಯಲ್ಲಿದ್ದಿರಬಹುದು. ಅಂಕಿ ನೋಡಿದರೆ ಗೊತ್ತಾಗುತ್ತದೆ. ಲಾರ್ಜ್‌ಮೌತ್‌ನ ವಿಶ್ವ ದಾಖಲೆ 22 ಪೌಂಡ್ 4 ಔನ್ಸ್, 1932ರಲ್ಲಿ ದಕ್ಷಿಣದ ಜಾರ್ಜಿಯಾದಲ್ಲಿ ಸಿಕ್ಕಿದ್ದು. ಮಿನ್ನೆಸೋಟದ ದಾಖಲೆ 8 ಪೌಂಡ್ 15 ಔನ್ಸ್, 2005ರಲ್ಲಿ ಆಬರ್ನ್ ಕೆರೆಯಲ್ಲಿ. ನಾಲ್ಕು ಪೌಂಡಿನ ಬಾಸ್ ಇಲ್ಲಿ ದೊಡ್ಡ ಮೀನು.

ದೊಡ್ಡ ಮೀನಿನ ಮೈಯಲ್ಲಿ ಪಾದರಸವೂ ಜಾಸ್ತಿ ಸೇರಿರುತ್ತದೆ. ಗರ್ಭಿಣಿಯರು, ಮಕ್ಕಳು ಯಾವ ಮೀನನ್ನು ಎಷ್ಟು ತಿನ್ನಬಹುದು ಎಂದು ರಾಜ್ಯದ ಆರೋಗ್ಯ ಇಲಾಖೆ ಕೆರೆಗಳ ಹೆಸರು ಹಿಡಿದೇ ತಿಳಿಸುತ್ತದೆ. ಊಟಕ್ಕೇ ಮೀನು ಬೇಕಾದರೆ ಬ್ಲೂಗಿಲ್, ಕ್ರ್ಯಾಪಿ ಎಂಬ ಸಣ್ಣ ಮೀನುಗಳನ್ನು ಹಿಡಿಯಿರಿ. ಖಾರದಪುಡಿ, ಅರಿಶಿನ, ನಿಂಬೆರಸ ಸವರಿ, ರವೆಯಲ್ಲಿ ಹೊರಳಿಸಿ ಹುರಿದರೆ ಬಾಸ್‌ಗಿಂತ ರುಚಿ.

ಬಿಡುವುದಾದರೆ ಹೇಗೆ ಬಿಡಬೇಕು?

ಮನೆಯಲ್ಲೇ ಇಕ್ಕಳದಿಂದ ಗಾಳದ ಎದುರುಮುಳ್ಳನ್ನು ಒತ್ತಿ ಮಟ್ಟ ಮಾಡಿಕೊಳ್ಳಿ. ಲೈನ್ ಬಿಗಿಯಾಗಿಟ್ಟರೆ ಮೀನು ತಪ್ಪುವುದಿಲ್ಲ. ರಬ್ಬರ್ ಬಲೆ ಬಳಸಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಕೆಳದವಡೆ ಹಿಡಿದು ಅಡ್ಡಲಾಗಿ ಎತ್ತುವಾಗ ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ. ಫೋಟೋ ತೆಗೆಯುವವರು ಮೊದಲು ಸಿದ್ಧರಾಗಲಿ, ಆಮೇಲೆ ಮೀನು ನೀರಿಂದ ಹೊರಬರಲಿ.

ಗಾಳ ಕೈಗೆ ಚುಚ್ಚಿಕೊಂಡರೆ?

ಟ್ರೆಬಲ್ ಗಾಳ, ಒದ್ದಾಡುವ ಮೀನು, ಕತ್ತಲು, ಮೂರೂ ಸೇರಿದರೆ ಇದು ಆಗುತ್ತದೆ. ಮೊದಲು ಮೀನನ್ನು ಲ್ಯೂರಿನಿಂದ ಬಿಡಿಸಿ, ಇಲ್ಲವೇ ಗಾಳವನ್ನು ಲ್ಯೂರಿನಿಂದ ಕತ್ತರಿಸಿ. ಸಣ್ಣ ವೈರ್ ಕಟರ್ ಇದಕ್ಕಾಗಿ ಜೇಬಲ್ಲಿರಲಿ. ಎದುರುಮುಳ್ಳು ಮಟ್ಟ ಮಾಡಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಮುಳ್ಳು ಒಳಗೆ ಹೋಗಿದ್ದರೆ ಕೀಳಬೇಡಿ, ಅರ್ಜೆಂಟ್ ಕೇರ್ ಕ್ಲಿನಿಕ್‌ಗೆ ಹೋಗಿ. ಕಣ್ಣಿನ ಹತ್ತಿರವಾದರೆ ಮುಟ್ಟಲೇಬೇಡಿ, ನೇರ ಆಸ್ಪತ್ರೆಗೆ. ಟಿಟನಸ್ ಚುಚ್ಚುಮದ್ದು ಯಾವಾಗ ಆಗಿತ್ತು ಎಂದು ಕೇಳುತ್ತಾರೆ, ನೆನಪಿಟ್ಟುಕೊಂಡಿರಿ.

ಲೂನ್ ಹಕ್ಕಿ ಹತ್ತಿರ ಬಂದರೆ?

ಗಾಳ ಮೇಲೆತ್ತಿ ಕಾಯಿರಿ. ಲೂನ್ ಈ ರಾಜ್ಯದ ಪಕ್ಷಿ, ಮುಳುಗಿ ಮೀನು ಹಿಡಿಯುತ್ತದೆ, ಲ್ಯೂರನ್ನೂ ಮೀನೆಂದು ಬೆನ್ನಟ್ಟಬಹುದು. ಹರಿದ ಲೈನನ್ನು ನೀರಲ್ಲಿ ಬಿಡಬೇಡಿ. ಸೀಸದ ತುಂಡು ನುಂಗಿದ ಲೂನ್ ವಿಷವೇರಿ ಸಾಯುತ್ತದೆ. ಆದ್ದರಿಂದ ಸೀಸವಿಲ್ಲದ ಸಾಮಾನು ಕೊಳ್ಳಿ.

ದೋಣಿಯನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯಬಹುದಾ?

ಒಯ್ಯಬಹುದು, ತೊಳೆದು. ಗಿಡದ ಎಳೆ ಒಂದೂ ಅಂಟಿರಬಾರದು. ತಳದ ಬಿರಡೆ ತೆಗೆದು ನೀರೆಲ್ಲ ಸುರಿದು, ಬಿರಡೆ ತೆಗೆದೇ ರಸ್ತೆಯಲ್ಲಿ ಸಾಗಬೇಕು. ಇದು ಕಾನೂನು, ತಪ್ಪಿದರೆ ದಂಡ. ಮಿಲ್‌ಫಾಯಿಲ್, ಜೀಬ್ರಾ ಮಸೆಲ್ ಎರಡೂ ಕೆರೆಯಿಂದ ಕೆರೆಗೆ ಹೋಗಿದ್ದು ಹೀಗೆ ದೋಣಿಗಳ ಜೊತೆಯಲ್ಲೇ. ಕಯಾಕ್‌ಗೂ ಇದೇ ಮಾತು.

ಸ್ಮಾಲ್‌ಮೌತ್‌ಗೆ ಎಲ್ಲಿ ಹೋಗಲಿ?

ಸುಮಾರು ನೂರು ಮೈಲಿ ಉತ್ತರಕ್ಕೆ, ಮಿಲ್ ಲ್ಯಾಕ್ಸ್ ಕೆರೆಗೆ. 1,30,000 ಎಕರೆಗೂ ದೊಡ್ಡದು, ಆದರೆ ಎಲ್ಲೂ 42 ಅಡಿಗಿಂತ ಆಳವಿಲ್ಲ. ಹೀಗಾಗಿ ಗಾಳಿ ಎದ್ದರೆ ಅಲೆ ಭಯಂಕರ. ಸಣ್ಣ ದೋಣಿಯಲ್ಲಿ ದಡ ಬಿಟ್ಟು ಹೋಗಬೇಡಿ. ಬಂಡೆಗಳ ದಿಬ್ಬಗಳ ಮೇಲೆ, ಗಾಳಿಗೆ ನೀರು ಸ್ವಲ್ಪ ಸುಕ್ಕಾಗಿರುವಾಗ ಸ್ಪೂಕ್ ಓಲಾಡಿಸಿ. ಇಲ್ಲಿನ ಸ್ಮಾಲ್‌ಮೌತ್ ಒಂದು ಸಲ ಹೊಡೆದು ತಪ್ಪಿದರೆ ಎರಡು, ಮೂರು ಸಲ ಅಟ್ಟಿಸಿಕೊಂಡು ಬರುತ್ತದೆ. ಮಿಲ್ ಲ್ಯಾಕ್ಸ್‌ಗೆ ಪ್ರತ್ಯೇಕ ನಿಯಮಗಳಿವೆ, ಓದಿಕೊಂಡು ಹೋಗಿ.

ಊರಿಗೆ ಹೋದಾಗ ಈ ಲ್ಯೂರ್ ಬಳಸಬಹುದಾ?

ಕಪ್ಪೆಯನ್ನು ಖಂಡಿತ ಒಯ್ಯಿರಿ. ನಮ್ಮ ಕೆರೆಗಳ ಮುರೆಲ್ ಮೀನು, ಹಾವಿನಂಥ ತಲೆಯದ್ದು, ಥೇಟ್ ಇದೇ ರೀತಿ ಕಳೆಯ ಮರೆಯಲ್ಲಿ ನಿಂತು ಮೇಲಕ್ಕೆ ಹೊಡೆಯುತ್ತದೆ. ಬೆಂಗಳೂರಿನ ಸುತ್ತಮುತ್ತ ಗಾಳ ಹಾಕುವ ಹುಡುಗರು ಅದಕ್ಕೆ ರಬ್ಬರ್ ಕಪ್ಪೆಯನ್ನೇ ಬಳಸುತ್ತಾರೆ. ಮುರೆಲ್ ಗಾಳಿ ಕುಡಿಯಲು ಆಗಾಗ ಮೇಲೆ ಬರುತ್ತದೆ, ಆ ಗುಳ್ಳೆ ಕಂಡ ಕಡೆ ದಾಟಿಸಿ ಎಸೆದು ನಿಧಾನ ಎಳೆಯಿರಿ. ಕೆಂಪನೆಯ ಮರಿಗಳ ಗುಂಪು ಮೇಲೆ ಕಂಡರೆ ಕೆಳಗೆ ತಾಯಿ ತಂದೆ ಕಾವಲಿರುತ್ತವೆ, ಅಲ್ಲಿ ಬೇಡ. ಇನ್ನೊಂದು, ಕರ್ನಾಟಕದಲ್ಲಿ ಬಹಳ ಕೆರೆಗಳನ್ನು ಮೀನುಗಾರರ ಸಹಕಾರ ಸಂಘಗಳಿಗೆ, ಗುತ್ತಿಗೆದಾರರಿಗೆ ಕೊಟ್ಟಿರುತ್ತಾರೆ. ಮೀನು ಅವರ ಜೀವನ. ಕೆರೆ ಯಾರ ಗುತ್ತಿಗೆಯಲ್ಲಿದೆ ಎಂದು ಊರಲ್ಲಿ ವಿಚಾರಿಸಿ, ಕೇಳಿಕೊಂಡೇ ಗಾಳ ಹಾಕಿ.